ಕಾಲ್ಗುಣ ಮತ್ತು ಕಂಡೆನ್ಸರ್

ಕಾಲ್ಗುಣ ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಸಿಗುವುದು ಕಷ್ಟ. ಒಳ್ಳೆಯದಾದರೂ ಅದೇ ಮಾತು, ಕೆಟ್ಟದ್ದಾದರೂ ಅದೇ ಮಾತು. ಮದುವೆಯಾದ ವರ್ಷ ಗಂಡನಿಗೆ ಬಡ್ತಿ ಸಿಕ್ಕಿದರೆ ಸೊಸೆಯ ಕಾಲ್ಗುಣ, ಮಾವನಿಗೆ ಸಕ್ಕರೆ ಕಾಯಿಲೆ ಬಂದರೂ ಸೊಸೆಯ ಕಾಲ್ಗುಣ. ಗಂಡಸರಿಗೂ ಕಾಲುಗಳಿವೆ. ಆದರೆ ಅಳಿಯನ ಕಾಲ್ಗುಣದಿಂದ ಮಾವನ ಮನೆಯ ಹಸು ಗಬ್ಬವಾಗಲಿಲ್ಲ ಎಂದು ಯಾರಾದರೂ ಅಂದದ್ದನ್ನು ಈ ಐವತ್ತನಾಲ್ಕು ವರ್ಷಗಳಲ್ಲಿ ನಾನಂತೂ ಕೇಳಿಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದೆ ಹೋಗುವುದು ಸುಲಭ. ಶಾಲೆಯಲ್ಲಿ ಮಕ್ಕಳಿಗೆ ಹಾಗೆಯೇ ಹೇಳುತ್ತೇವೆ. ಆದರೆ ಒಂದು ಹಳೆಯ ಕಾರಿನ ರಿಪೇರಿಯನ್ನು ಎರಡು ದಿನ ಪಕ್ಕದಲ್ಲಿ ನಿಂತು ನೋಡಿದ ಮೇಲೆ ನನಗೆ ಅನ್ನಿಸಿತು: ಈ ಮಾತಿನೊಳಗೆ ಕೂತಿರುವ ತಪ್ಪು ಅಷ್ಟು ದಡ್ಡ ತಪ್ಪಲ್ಲ. ಓದಿದವರನ್ನೂ ಅದು ಹಿಡಿಯುತ್ತದೆ.

ಕಾರು ನನ್ನ ಅಕ್ಕನ ಮನೆಯದು. ಚಿತ್ರದುರ್ಗದ ಹಳೆಯ ಕೇರಿಯಲ್ಲಿ ಅವರ ಮನೆ. ಕಾರಿನ ಹೆಸರು ಸ್ಟ್ಯಾಂಡರ್ಡ್ ಹೆರಾಲ್ಡ್. ನಮ್ಮ ವಯಸ್ಸಿನವರಿಗೆ ನೆನಪಿದ್ದೀತು, ಅಂಬಾಸಿಡರ್ ಫಿಯಟ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಣುತ್ತಿದ್ದ ಎರಡು ಬಾಗಿಲಿನ ಚೂಪು ಮೈಯ ಕಾರು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂದು 1959ರಲ್ಲಿ ಹೊರಬಂದದ್ದು. 1961ರಿಂದ ಮದರಾಸಿನಲ್ಲೂ ತಯಾರಾಗತೊಡಗಿತು. 948 ಸಿಸಿಯ ಪುಟ್ಟ ಎಂಜಿನ್. ಇದೇ ಚಾಸಿಸ್ಸನ್ನು ಗಿಡ್ಡ ಮಾಡಿ ಟ್ರಯಂಫ್‌ನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಎರಡರ ರೂಪವನ್ನೂ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಆದ್ದರಿಂದ ನಮ್ಮ ಭಾವನವರ ಲೆಕ್ಕದಲ್ಲಿ ಅವರ ಷೆಡ್ಡಿನಲ್ಲಿರುವುದೂ ಸ್ಪೋರ್ಟ್ಸ್ ಕಾರೇ. ಮನೆಗೆ ಬಂದವರು ಕಾಫಿ ಕುಡಿದು ಏಳುವುದರೊಳಗೆ ಬಾನೆಟ್ ತೆಗೆದು ತೋರಿಸಿಯೇ ಸಿದ್ಧ. ಅದರ ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಕುಳಿತೇ ಕೆಲಸ ಮಾಡಬಹುದು. ಕಾರು ಕೊಂಡವರು ಭಾವನವರ ತಂದೆ. ಅಕ್ಕನ ಅತ್ತೆಯವರಿಗೆ, ನಾವೆಲ್ಲ ಅಜ್ಜಿ ಎನ್ನುವವರಿಗೆ, ಅದು ಗಂಡನ ನೆನಪು. ಆಯುಧಪೂಜೆಯ ದಿನ ಆ ಕಾರಿಗೆ ಕುಂಬಳಕಾಯಿ ಒಡೆಯುವವರೆಗೆ ಅವರು ಊಟಕ್ಕೆ ಕೂರುವುದಿಲ್ಲ.

ಅಕ್ಕನ ಮಗನ ಮದುವೆ 2022ರ ಮೇ ತಿಂಗಳಲ್ಲಿ ನಡೆಯಿತು. ಹೊಸ ಸೊಸೆಯನ್ನು ಮನೆದೇವರಿಗೆ ಕರೆದುಕೊಂಡು ಹೋದ ದಿನ ದರ್ಶನ ಮುಗಿಸಿ ಬಂದು ಕೂತರೆ ಕಾರು ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ, ಸುತ್ತಲೂ ಪೆಟ್ರೋಲ್ ವಾಸನೆ. ಮುಕ್ಕಾಲು ಗಂಟೆ ಬಿಸಿಲಿನಲ್ಲಿ ನಿಂತ ಮೇಲೆ ತಾನಾಗಿ ಹತ್ತಿಕೊಂಡಿತು. ಬೀಗರ ಊಟಕ್ಕೆ ಹೋದಾಗಲೂ ಹೀಗೇ ಆಯಿತು. ಅಜ್ಜಿ ಯಾರನ್ನೂ ನೋಡದೆ, "ಯಜಮಾನರು ಇದ್ದಾಗ ಒಂದು ದಿನ ಹಟ ಮಾಡಿದ ಗಾಡಿಯಲ್ಲ ಇದು. ಯಾರ ಕಾಲ್ಗುಣವೋ ಏನೋ" ಎಂದರಂತೆ. ಬೈದು ಹೇಳಿದ್ದಲ್ಲ, ನಿಟ್ಟುಸಿರಿನಲ್ಲಿ ಹೇಳಿದ್ದು. ಆಮೇಲೆ ಅದು ಮನೆಯಲ್ಲೊಂದು ತಮಾಷೆಯಾಯಿತು. ನೆಂಟರು ಬಂದಾಗ ಸೊಸೆಯ ಎದುರಿಗೇ, "ಏನಮ್ಮಾ, ಬಂದವಳೇ ಕಾರಿನ ಕೈ ಕಟ್ಟಿಹಾಕಿದೆಯಂತೆ" ಎಂದು ನಗುವುದು. ಅವಳೂ ನಗುವುದು. ಹೊಸ ಸೊಸೆಯ ಆ ನಗು ಎಂಥದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಅವಳು ಇನ್ನೊಂದು ಮಾತನ್ನೂ ಹೇಳುತ್ತಿದ್ದಳು. ತನ್ನ ಕೋಣೆಯ ಕಿಟಕಿ ಷೆಡ್ಡಿನ ಕಡೆಗಿದೆ, ಕೆಲವು ರಾತ್ರಿ ಪೆಟ್ರೋಲ್ ವಾಸನೆಗೆ ಎಚ್ಚರವಾಗುತ್ತದೆ ಎಂದು. ಮೂರು ಸಲ ಹೇಳಿದಳಂತೆ. ಮನೆಯವರಿಗೆ ಯಾರಿಗೂ ವಾಸನೆ ಬರುತ್ತಿರಲಿಲ್ಲ. ಹಳೆಯ ಕಾರು ಎಂದ ಮೇಲೆ ಸ್ವಲ್ಪ ವಾಸನೆ ಇದ್ದದ್ದೇ ಎಂದರು ಭಾವನವರು. ಅವರು ಸುಳ್ಳು ಹೇಳಿದ್ದಲ್ಲ. ಮೂಗು ವಿಚಿತ್ರವಾದ ಇಂದ್ರಿಯ. ಒಂದೇ ವಾಸನೆಯಲ್ಲಿ ದಿನಗಟ್ಟಲೆ ಇದ್ದರೆ ಅದನ್ನು ಎಣಿಕೆಗೆ ತೆಗೆದುಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಮೀನುಪೇಟೆಯವರಿಗೆ ಮೀನಿನ ವಾಸನೆ ಇಲ್ಲ. ಒಂದು ಮನೆಯ ವಾಸನೆ ಗೊತ್ತಾಗುವುದು ಹೊರಗಿನಿಂದ ಬಂದವರಿಗೆ, ಅಂದರೆ ನಮ್ಮ ಮನೆಗಳಲ್ಲಿ ಸೊಸೆಗೆ. ಅದನ್ನು ಹೇಳಿದರೆ ಅವಳು ನಾಜೂಕಿನವಳು, ತವರಿನ ಜಂಬ ಎಂದಾಗುತ್ತದೆ.

ಆ ಷೆಡ್ಡಿನ ಇನ್ನೊಂದು ಪಕ್ಕಕ್ಕೆ ಬಚ್ಚಲು ಮನೆ. ಅಲ್ಲಿ ಇಂದಿಗೂ ಹಂಡೆಯ ಕೆಳಗೆ ಸೌದೆ ಒಲೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೇರಿ ಚದುರುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಸೇರಿದ್ದರೂ ಕಿಡಿ ಸೋಕಿದರೆ ಹತ್ತಿಕೊಳ್ಳುತ್ತದೆ. ಕಿಡಿ ಪಕ್ಕದಲ್ಲೇ ಇರಬೇಕೆಂದಿಲ್ಲ, ಆವಿ ಹರಿದುಹೋದ ಕಡೆ ಒಲೆಯೊಂದಿದ್ದರೆ ಸಾಕು.

ಈಗ ಆಷಾಢದ ವಿಷಯಕ್ಕೆ ಬರುತ್ತೇನೆ, ಈ ಕತೆಯ ಜೀವ ಅಲ್ಲಿದೆ. ಜೂನ್ ಕೊನೆಗೆ ಆಷಾಢ ಹಿಡಿಯಿತು. ಸಂಪ್ರದಾಯದಂತೆ ಸೊಸೆ ತವರಿಗೆ ಹೋದಳು. ಅದೇ ವಾರ ಭಾವನವರು ಕಾರನ್ನು ಒಂದು ಗ್ಯಾರೇಜಿಗೆ ಬಿಟ್ಟರು. ಅಲ್ಲಿನವರು ಪ್ಲಗ್ ಬಿಚ್ಚಿ ನೋಡಿದರೆ ನಾಲ್ಕೂ ಪೆಟ್ರೋಲಿನಲ್ಲಿ ನೆಂದು ಕಪ್ಪಾಗಿದ್ದವು. "ಕಾರ್ಬರೇಟರ್ ಓವರ್‌ಫ್ಲೋ ಸಾರ್" ಎಂದು ತೀರ್ಮಾನಿಸಿ ಕಾರ್ಬರೇಟರ್ ಬಿಚ್ಚಿ ತೊಳೆದರು, ಸೂಜಿ ವಾಲ್ವ್ ಬದಲಿಸಿದರು, ಹೊಸ ಪ್ಲಗ್ ಹಾಕಿದರು, ಇರಲಿ ಎಂದು ಕಾಯಿಲ್ಲನ್ನೂ ಬದಲಿಸಿದರು. ಕಾರು ಒಂದು ತಿಂಗಳು ಮುತ್ತಿನ ಹಾಗೆ ಓಡಿತು. ವಾಸನೆಯ ದೂರು ಹೇಳುವವರೂ ಇರಲಿಲ್ಲ. ಶ್ರಾವಣ ಬಂತು, ಸೊಸೆ ಬಂದಳು. ಬಂದ ನಾಲ್ಕನೆಯ ದಿನ ಹಿರಿಯೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದರು. ವಾಪಸು ಹೊರಡುವಾಗ ಕಾರು ಮತ್ತೆ ಕೈಕೊಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಪಿಯುಸಿಯಲ್ಲಿ ನನಗೆ ತರ್ಕಶಾಸ್ತ್ರ ಒಂದು ವಿಷಯವಾಗಿತ್ತು. ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ನಮ್ಮ ಹಿರಿಯರು ಇದಕ್ಕೇ ಕಾಕತಾಲೀಯ ಎಂದರು. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸರಿಹೋಯಿತು. ಹಾಗಾದರೆ ಕಾರಣವನ್ನು ತಿಳಿಯುವುದು ಹೇಗೆ? ಅನ್ವಯ ಮತ್ತು ವ್ಯತಿರೇಕ ಎರಡನ್ನೂ ನೋಡು ಎನ್ನುತ್ತದೆ ನಮ್ಮ ನ್ಯಾಯಶಾಸ್ತ್ರ. ಅದು ಇದ್ದಾಗ ಇದೂ ಇರಬೇಕು, ಅದು ಇಲ್ಲದಾಗ ಇದೂ ಇರಬಾರದು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ತನ್ನ 1843ರ ತರ್ಕಗ್ರಂಥದಲ್ಲಿ ಹೇಳಿದ ಪದ್ಧತಿಗಳೂ ಹೆಚ್ಚುಕಡಿಮೆ ಇದೇ ದಾರಿಯವು. ಈಗ ಅಕ್ಕನ ಮನೆಗೆ ಇದನ್ನು ಹಚ್ಚಿ ನೋಡಿ. ಸೊಸೆ ಬಂದಳು, ಕಾರು ಕೆಟ್ಟಿತು. ಸೊಸೆ ಹೋದಳು, ಕಾರು ಓಡಿತು. ಸೊಸೆ ಮರಳಿದಳು, ಮತ್ತೆ ಕೆಟ್ಟಿತು. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ತಮಾಷೆಗೆ ಆಡುತ್ತಿದ್ದವರು ಆಗ ಸುಮ್ಮನಾದರಂತೆ. ತಮಾಷೆ ನಿಂತದ್ದೇ ಹೆದರಿಕೆಯ ಸಂಗತಿ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನಮ್ಮ ಹುಡುಗ ಕೂಡ ಒಂದು ರಾತ್ರಿ ಹೆಂಡತಿಗೆ, "ನಾನೇನೂ ನಂಬಲ್ಲ, ಆದರೂ ವಿಚಿತ್ರ ಅಲ್ವಾ" ಎಂದನಂತೆ. ಅವಳು ನನಗೆ ಹೇಳಿಕೊಂಡದ್ದು ಅಜ್ಜಿಯ ಮಾತನ್ನಲ್ಲ, ಈ ಮಾತನ್ನು.

ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ಹೋದಾಗ ಮನೆ ಈ ಸ್ಥಿತಿಯಲ್ಲಿತ್ತು. ಮಾವನವರ ಕಾಲದಲ್ಲಿ ಕಾರು ನೋಡಿಕೊಳ್ಳುತ್ತಿದ್ದ ಮುದಿ ಮೇಸ್ತ್ರಿಯನ್ನು ಭಾವನವರು ಕರೆಸಿದ್ದರು. ಎಪ್ಪತ್ತು ದಾಟಿದವರು, ಕೆಲಸ ಬಿಟ್ಟು ಮಗನ ಅಂಗಡಿಯಲ್ಲಿ ಕೂರುವವರು. ಅವರು ಬಂದವರೇ ಬಾನೆಟ್ ಮುಟ್ಟಲಿಲ್ಲ. ಷೆಡ್ಡಿನ ಬಾಗಿಲಲ್ಲಿ ನಿಂತು ಮೂಗು ಎತ್ತಿ, "ಮೊದಲು ಬಚ್ಚಲೊಲೆ ಆರಿಸಿ ಅಮ್ಮಾ" ಎಂದರು. ಬ್ಯಾಟರಿಯ ತಂತಿ ಕಳಚಿ, ಕಾರನ್ನು ಕೈಯಲ್ಲೇ ತಳ್ಳಿಸಿ ಅಂಗಳದ ಬಯಲಿಗೆ ತಂದರು. ವಾಸನೆ ಎಲ್ಲಿಂದ, ಯಾರಿಂದ ಎಂಬ ವಿಚಾರವೆಲ್ಲ ಆಮೇಲೆ. ಇದು ನನಗೆ ತುಂಬ ಮುಖ್ಯವಾಗಿ ಕಂಡಿತು. ಒಲೆ ಆರಿಸುವುದಕ್ಕೆ ಪುರಾವೆ ಬೇಕಾಗಿಲ್ಲ, ಅನುಮಾನ ಸಾಕು. ತಪ್ಪು ಹೊರಿಸುವುದಕ್ಕೆ ಮಾತ್ರ ಪುರಾವೆ ಬೇಕು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಎರಡೂವರೆ ತಿಂಗಳು ಆ ಒಲೆ ಉರಿಯುತ್ತಲೇ ಇತ್ತು. ಕಾಲ್ಗುಣದ ತೀರ್ಪು ಮಾತ್ರ ಮೊದಲ ವಾರವೇ ಹೊರಬಿದ್ದಿತ್ತು.

ಆಮೇಲೆ ಪ್ರಶ್ನೆಗಳು. "ಯಾವಾಗ ಹಿಡಿಯಲ್ಲ ಸಾರ್? ಬೆಳಿಗ್ಗೆ ತಣ್ಣಗಿದ್ದಾಗಲೋ, ಓಡಿಸಿ ನಿಲ್ಲಿಸಿದ ಮೇಲೋ?" ಭಾವನವರು ಯೋಚಿಸಿ, ಬೆಳಿಗ್ಗೆ ಎಂದೂ ತೊಂದರೆಯಿಲ್ಲ, ದೂರ ಓಡಿ ಬಿಸಿಯಾಗಿ ನಿಂತ ಮೇಲೇ ಎಂದರು. "ವಾಸನೆ?" ಭಾವನವರಿಗೆ ತಿಳಿಯದು. ಬಾಗಿಲ ಹಿಂದೆ ನಿಂತಿದ್ದ ಸೊಸೆ, "ದಿನಾ ಬರಲ್ಲ, ಕೆಲವು ರಾತ್ರಿ ಮಾತ್ರ. ಎರಡು ಮೂರು ದಿನ ಬಂದು ಹೋಗುತ್ತೆ" ಎಂದಳು. ಮೇಸ್ತ್ರಿ ಅವಳ ಕಡೆ ತಿರುಗಿ, "ಯಾವ ಯಾವ ದಿನ ಮಗಳೇ?" ಎಂದು ಕೇಳಿದರು. ಆ ಮನೆಯಲ್ಲಿ ಅವಳನ್ನು ಕಾರಿನ ಬಗ್ಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳಿಗೆ ನೆನಪಿತ್ತು. ಬೀಗರ ಊಟದ ಹಿಂದಿನ ರಾತ್ರಿ, ಮನೆದೇವರಿಗೆ ಹೊರಡುವ ಹಿಂದಿನ ರಾತ್ರಿ, ಗೃಹಪ್ರವೇಶದ ಹಿಂದಿನ ದಿನ. ಭಾವನವರದು ಹಳೆಯ ಕಾಲದ ಶಿಸ್ತು, ಪೆಟ್ರೋಲ್ ಹಾಕಿಸಿದ ತಾರೀಕು ಲೀಟರು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಪುಸ್ತಕ ತರಿಸಿದರು, ಅವಳೇ ಓದಿದಳು. ಊರೊಳಗಿನ ಓಡಾಟಕ್ಕೆ ಐದೈದು ಲೀಟರು, ದೂರ ಹೊರಡುವ ಹಿಂದಿನ ದಿನ ಮಾತ್ರ ಫುಲ್ ಟ್ಯಾಂಕ್. ವಾಸನೆಯ ರಾತ್ರಿಗಳೆಲ್ಲ ಟ್ಯಾಂಕ್ ತುಂಬಿದ ರಾತ್ರಿಗಳು.

"ಹಾಗಾದರೆ ಕಾರ್ಬರೇಟರ್ ಅಲ್ಲ, ಮೇಲಿನದು" ಎಂದರು ಮೇಸ್ತ್ರಿ. ಹೆರಾಲ್ಡಿನ ಟ್ಯಾಂಕ್ ಡಿಕ್ಕಿಯೊಳಗೇ ಇದೆ. ಪೆಟ್ರೋಲ್ ಹಾಕುವ ಬಾಯಿಗೂ ಟ್ಯಾಂಕಿಗೂ ನಡುವೆ ಒಂದು ದಪ್ಪ ರಬ್ಬರ್ ಕೊಳವೆ. ಅದು ಎಲ್ಲಿ ಸೀಳಿದ್ದರೂ ಅರ್ಧ ಟ್ಯಾಂಕಿನಲ್ಲಿ ಪೆಟ್ರೋಲ್ ಅಲ್ಲಿಗೆ ಮುಟ್ಟುವುದೇ ಇಲ್ಲ. ತುಂಬಿದಾಗ ಮಾತ್ರ ಜಿನುಗುತ್ತದೆ. ಅವರು ಕೊಳವೆಯನ್ನು ಒರೆಸಿ ಒಣಗಿಸಿ, ಮುಖಕ್ಕೆ ಹಾಕುವ ಪೌಡರ್ ತರಲು ಹೇಳಿದರು. ಸೊಸೆ ತನ್ನ ಡಬ್ಬಿಯನ್ನೇ ತಂದುಕೊಟ್ಟಳು. ಕೊಳವೆಯ ಸುತ್ತ ಪೌಡರ್ ಉದುರಿಸಿ ಒಂದು ಗಂಟೆ ಬಿಟ್ಟು ನೋಡಿದರೆ, ಕೆಳಬದಿಯಲ್ಲಿ ಕೂದಲೆಳೆಯಷ್ಟು ಉದ್ದದ ಒದ್ದೆ ಗೆರೆ ಮೂಡಿತ್ತು. ಹಳೆಯ ರಬ್ಬರು ಈಗಿನ ಪೆಟ್ರೋಲಿಗೆ ತಡೆಯುವುದಿಲ್ಲ ಎಂದರು. ಕಬ್ಬಿನ ಕಾಕಂಬಿಯಿಂದ ತೆಗೆದ ಎಥನಾಲನ್ನು ಆಗಲೇ ಪೆಟ್ರೋಲಿಗೆ ಶೇಕಡ 10ರಷ್ಟು ಬೆರೆಸುತ್ತಿದ್ದರು. ಶೇಕಡ 20ರದಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಅರವತ್ತರ ದಶಕದ ರಬ್ಬರಿಗೆ ಅದರ ಗುರುತೇ ಇಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿರಿಯುತ್ತದೆ.

ಎಲ್ಲರೂ ಸಮಸ್ಯೆ ಮುಗಿಯಿತೆಂದುಕೊಂಡರು. "ಇದು ವಾಸನೆ ಮಾತ್ರ. ಹಿಡಿಯದೇ ಇರೋದು ಬೇರೆ" ಎಂದರು ಮೇಸ್ತ್ರಿ. ಎರಡೂ ಒಂದೇ ತಿಂಗಳಲ್ಲಿ ಕಾಣಿಸಿಕೊಂಡದ್ದರಿಂದ ಒಂದೇ ಕಾಯಿಲೆಯ ಎರಡು ಲಕ್ಷಣ ಎಂದು ನಂಬಿದ್ದೆವಲ್ಲ, ಅದೇ ತಪ್ಪಾಗಿತ್ತು.

ಪ್ಲಗ್ ಒದ್ದೆಯಾಗಿರುವುದಕ್ಕೆ ಎರಡು ಅರ್ಥವಿದೆಯಂತೆ. ಒಂದು, ಪೆಟ್ರೋಲ್ ಹೆಚ್ಚು ಬರುತ್ತಿರಬಹುದು. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು ಹದಿನೈದು ಗ್ರಾಂ ಗಾಳಿ ಬೇಕು, ಪೆಟ್ರೋಲ್ ಅತಿಯಾದರೂ ಉರಿಯುವುದಿಲ್ಲ. ಇನ್ನೊಂದು, ಪೆಟ್ರೋಲ್ ಸರಿಯಾಗಿಯೇ ಬಂದು, ಹಚ್ಚುವ ಕಿಡಿಗೆ ಬಲವಿಲ್ಲದೆ ಹಸಿಯಾಗಿ ಉಳಿದಿರಬಹುದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಗ್ಗರಣೆ ಸಿಡಿಯದಿದ್ದರೆ ಎಣ್ಣೆ ಹೆಚ್ಚಾಯಿತೋ, ಉರಿ ಕಡಿಮೆಯಾಯಿತೋ ಎಂಬ ಹಾಗೆ. ಗ್ಯಾರೇಜಿನವರು ಮೊದಲನೆಯದನ್ನು ಹಿಡಿದು ಹೊರಟಿದ್ದರು.

ಮರುದಿನ ಕೊಳವೆ ಬದಲಾದ ಮೇಲೆ ಕಾರನ್ನು ಹೆದ್ದಾರಿಯಲ್ಲಿ ಓಡಿಸಿ ತಂದು ನಿಲ್ಲಿಸಿದರು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಹಿಡಿಯಲಿಲ್ಲ. ಕಿಡಿ ನೋಡಿದರು. ನೀಲಿಯಾಗಿ ಚಟಪಟ ಎನ್ನಬೇಕಾದದ್ದು ಮಂಕಾಗಿ ಹಳದಿಯಾಗಿತ್ತು. ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಎಂಬ ಎರಡು ತುಟಿಗಳಿರುತ್ತವೆ. ಅವು ಸುಮಾರು 0.4 ಮಿಲಿಮೀಟರಿನಷ್ಟು ತೆರೆದು ಮುಚ್ಚಿದಾಗಲೆಲ್ಲ ಕಿಡಿ ಹುಟ್ಟುವುದು. ತೆರೆಯುವ ಕ್ಷಣದಲ್ಲಿ ವಿದ್ಯುತ್ತು ಆ ಸಂದಿಯಲ್ಲೇ ಹಾರಿ ವ್ಯರ್ಥವಾಗದ ಹಾಗೆ ತಡೆದುಕೊಳ್ಳುವುದು ಕಂಡೆನ್ಸರ್. ಕಿರುಬೆರಳ ತುದಿಯಷ್ಟು ಗಾತ್ರದ ತಗಡಿನ ಡಬ್ಬಿ. ಹಳತಾದರೆ ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಸೋಲುತ್ತದೆ. ಅಷ್ಟೊಂದು ಬದಲಿಸಿದ್ದ ಗ್ಯಾರೇಜಿನವರು ಅದೊಂದನ್ನು ಮುಟ್ಟಿರಲಿಲ್ಲ.

ಮೇಸ್ತ್ರಿ ಬೇರೊಂದು ಕಂಡೆನ್ಸರ್ ಹಾಕಿದರು. ಬಿಸಿ ಎಂಜಿನ್ನೇ ಒಂದೇ ಸಲಕ್ಕೆ ಹಿಡಿಯಿತು. ಭಾವನವರು ಜೇಬಿಗೆ ಕೈಹಾಕಿದ್ದರು. ಆ ಮನುಷ್ಯ ಎಂಜಿನ್ ಆರಿಸಿ, ಹೊಸದನ್ನು ಬಿಚ್ಚಿ, ಕೆಟ್ಟಿದ್ದ ಹಳೆಯದನ್ನೇ ಮತ್ತೆ ಹಾಕತೊಡಗಿದರು. "ಸರಿಹೋಯ್ತಲ್ಲ ಮೇಸ್ತ್ರಿ, ಮತ್ತೆ ಯಾಕೆ ಅದನ್ನ?" ಎಂದು ಭಾವನವರು ರೇಗಿದರು. "ಇದೇ ಅಂತ ಗೊತ್ತಾಗೋದು ಬೇಡ್ವಾ ಸಾರ್? ಇಷ್ಟು ಹೊತ್ತು ನಿಂತು ತಣ್ಣಗಾಗಿ ಹಿಡಿದಿದ್ರೆ?" ಹಳೆಯದಕ್ಕೆ ಹಿಡಿಯಲಿಲ್ಲ. ಮತ್ತೆ ಹೊಸದು ಹಾಕಿದರು, ಹಿಡಿಯಿತು. ಆಮೇಲೆಯೇ ಕೈ ಒರೆಸಿಕೊಂಡದ್ದು.

ಅನುಮಾನಿತನಿಗೆ ನಿರಪರಾಧಿಯಾಗುವ ಒಂದು ಅವಕಾಶ ಕೊಟ್ಟು ಪರೀಕ್ಷೆ ಮಾಡುವುದು ಎಂದರೆ ಇದು. ಎರಡು ರೂಪಾಯಿ ತಗಡಿಗೆ ಸಿಕ್ಕ ಆ ಅವಕಾಶ ಹುಡುಗಿಗೆ ಸಿಕ್ಕಿರಲಿಲ್ಲ. ಆಷಾಢದ ಪರೀಕ್ಷೆ ಎಲ್ಲಿ ಸುಳ್ಳಾಗಿತ್ತು ಎಂಬುದೂ ಈಗ ಸ್ಪಷ್ಟವಾಯಿತು. ಮೇಸ್ತ್ರಿ ಎಂಜಿನ್ನಿನ ಬಿಸಿ, ಪೆಟ್ರೋಲು, ಹೊತ್ತು ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿದ್ದರು. ಆಷಾಢದಲ್ಲಿ ಹೋದದ್ದು ಸೊಸೆ ಒಬ್ಬಳೇ ಅಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಕಾರು ಊರು ಬಿಟ್ಟು ಹೊರಗೆ ಹೋಗಲೇ ಇಲ್ಲ, ಪೇಟೆಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಪೂರ್ತಿ ಕಾಯಲೇ ಇಲ್ಲ. ತಂಗಾಳಿ ಬೇರೆ. ಫುಲ್ ಟ್ಯಾಂಕೂ ಇಲ್ಲ, ಆದ್ದರಿಂದ ವಾಸನೆಯೂ ಇಲ್ಲ. ಸೊಸೆಯನ್ನು ತವರಿಗೆ ಕಳಿಸಿದ ಪಂಚಾಂಗವೇ ಕಾರಿಗೂ ರಜೆ ಕೊಟ್ಟಿತ್ತು. ನ್ಯಾಯಶಾಸ್ತ್ರದವರು ಕುಂಬಾರನ ಕತ್ತೆಯ ಉದಾಹರಣೆ ಕೊಡುತ್ತಾರೆ. ಮಣ್ಣು ಹೊತ್ತು ತಂದ ಕತ್ತೆ ಮಡಕೆ ಹುಟ್ಟುವ ಕಡೆಯೇ ನಿಂತಿರುತ್ತದೆ. ಆದರೂ ಮಡಕೆಗೆ ಅದು ಕಾರಣವಲ್ಲ, ಅದಿಲ್ಲದೆಯೂ ಮಡಕೆಯಾಗುತ್ತದೆ ಎಂದು. ಸೊಸೆಗೆ ಕತ್ತೆಯ ಹೋಲಿಕೆ ಕೊಟ್ಟೆನೆಂದು ಬೇಸರಿಸಬೇಡಿ. ಪಾಪ, ಹೊರೆ ಹೊತ್ತವರಿಗೇ ಅಪವಾದ ಬರುವುದು ಎರಡು ಕಡೆಯೂ ಉಂಟು.

ಶಾಲೆಯಲ್ಲಿಯೂ ಇದನ್ನು ಕಾಣುತ್ತೇನೆ. ತರಗತಿಯಲ್ಲಿ ದುಡ್ಡು ಕಳೆದ ದಿನ ಎಲ್ಲ ಕಣ್ಣುಗಳೂ ಹಾಸ್ಟೆಲಿನಿಂದ ಬರುವ ಹೊಸ ಹುಡುಗಿಯ ಕಡೆ ತಿರುಗುತ್ತವೆ. ಅವಳಿಗೆ ಅನ್ಯಾಯವಾಯಿತು ಎಂಬುದು ಸರಿಯೇ. ಇನ್ನೊಂದು ನಷ್ಟವೂ ಇದೆ, ಅದರ ಮಾತು ಯಾರೂ ಆಡುವುದಿಲ್ಲ. ಉತ್ತರ ಸಿಕ್ಕಿತೆಂದುಕೊಂಡವರು ಹುಡುಕುವುದನ್ನು ನಿಲ್ಲಿಸುತ್ತಾರೆ. ಅಕ್ಕನ ಮನೆಯಲ್ಲಿ ಕಾಲ್ಗುಣ ಎಂಬ ಉತ್ತರ ಇಲ್ಲದೇ ಹೋಗಿದ್ದರೆ ವಾಸನೆಯ ಮಾತನ್ನು ಮೊದಲ ಸಲವೇ ಯಾರಾದರೂ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಬಚ್ಚಲೊಲೆಯ ಪಕ್ಕದ ಆ ಷೆಡ್ಡಿನ ನೆಲದಲ್ಲಿ ಎಷ್ಟು ರಾತ್ರಿ ಏನು ಹರಿದಿತ್ತೋ ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಆ ಮನೆಯಲ್ಲಿ ಕಾಲ್ಗುಣದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆಡುವುದನ್ನು ಬಿಟ್ಟರು ಅಷ್ಟೆ. ಕಾರು ಸರಿಹೋದದ್ದು ಅವಳು ಹೇಳಿದ ತಾರೀಕುಗಳಿಂದ ಎಂದು ಮೇಸ್ತ್ರಿ ನಾಲ್ಕು ಜನರ ಎದುರಿಗೆ ಹೇಳಿಹೋದರು. ಅದನ್ನು ಯಾರೂ ಒಳ್ಳೆಯ ಕಾಲ್ಗುಣ ಎನ್ನಲಿಲ್ಲ. ಅವಳು ಅದಕ್ಕೆ ಕಾದಂತೆಯೂ ಕಾಣಲಿಲ್ಲ. ಕಿಟಕಿ ತೆರೆದಿಟ್ಟು ಮಲಗಬಹುದಲ್ಲ ಚಿಕ್ಕಮ್ಮ, ಅದು ಸಾಕು ಎಂದಳು ನನ್ನ ಹತ್ತಿರ.

ಹೊರಡುವ ಹಿಂದಿನ ಸಂಜೆ ಅಜ್ಜಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ನಾನೂ ಹತ್ತಿ ಹಿಡಿದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರಾಗಿ, "ನಾನು ಈ ಮನೆಗೆ ಬಂದ ವರ್ಷ ಹಿತ್ತಿಲ ಬಾವಿ ಬತ್ತಿತ್ತು ಗೊತ್ತಾ. ಹದಿನಾರು ವರ್ಷ ನನಗೆ. ನಮ್ಮತ್ತೆ ಮೂರು ತಿಂಗಳು ನನ್ನ ಕೈಯಿಂದ ನೀರು ಮುಟ್ಟಿಸಲಿಲ್ಲ" ಎಂದರು. ಬಾವಿ ಯಾಕೆ ಬತ್ತಿತ್ತು ಅಜ್ಜಿ ಎಂದು ಕೇಳಿದೆ. ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದರು, "ಆ ವರ್ಷ ಮಳೆಯೇ ಇರಲಿಲ್ಲ. ಊರಿನ ಬಾವಿಗಳೆಲ್ಲ ಬತ್ತಿದ್ದವು ಕಣೇ."